ಕುಳ್ಳನ ಬೆಲೆ

ಪುಸ್ತಕ ಬಂದ ದಿನ ಅಮ್ಮ ಮೊದಲು ಅದನ್ನು ತೂಗಿ ನೋಡಿದಳು,
ಅಂಗೈಯಲ್ಲೇ. ಅಂಗಡಿಯವಳಲ್ಲವೆ.
ಇಷ್ಟಕ್ಕೆ ಮುನ್ನೂರ ನಲವತ್ತು ಕ್ರೌನೆ, ಎಂದಳು.
ಆಮೇಲೆ ಕನ್ನಡಕ ಏರಿಸಿ ಓದಲು ಕೂತಳು.

ಮೂವತ್ತೊಂದು ವರ್ಷ ಈ ನಾಡಲ್ಲಿದ್ದೂ
ಚೆಕ್ ಭಾಷೆಯಲ್ಲಿ ಅವಳ ಕಣ್ಣಿಗೆ ಹತ್ತುವುದು ಅಂಕಿಗಳು,
ಮತ್ತೆ ‘ಬಾಕಿ’, ‘ದಂಡ’, ‘ಇಂದು ರಜೆ’.
ಹಾಗಾಗಿ ನನ್ನ ಇನ್ನೂರ ಹನ್ನೆರಡು ಪುಟಗಳನ್ನು
ಅಂಕಿಯಿಂದ ಅಂಕಿಗೆ ಕಾಲಿಟ್ಟು ದಾಟಿದಳು,
ಹೊಳೆಯಲ್ಲಿ ಕಲ್ಲಿಂದ ಕಲ್ಲಿಗೆ ದಾಟುವ ಹಾಗೆ.
ನಾನು ಬರೆದದ್ದೆಲ್ಲ ನೀರು.

ಆ ನೀರಲ್ಲಿ ಅಪ್ಪ ಇದ್ದ.
ಹೈಫಾಂಗಿನಿಂದ ಬಂದು ನೂಲಿನ ಗಿರಣಿಯಲ್ಲಿ
ಕಡಿದ ಎಳೆಗೆ ಎಳೆ ಗಂಟು ಹಾಕಿದವ,
ಸರಕಾರ ಬಿದ್ದ ಚಳಿಗಾಲ ಗಿರಣಿಯೂ ಮುಚ್ಚಿ
ನಿಮ್ಮನ್ನು ಕರೆಸಿದವರು ಈಗ ಯಾರೂ ಇಲ್ಲ
ಎಂದು ಹೇಳಿಸಿಕೊಂಡು ಬಂದವ.
ಹೇಬ್ ಊರಾಚೆ, ಜರ್ಮನಿಯ ಗಡಿ ಕೂಗಳತೆಯಲ್ಲಿರುವ ಸಂತೆಯಲ್ಲಿ
ಟಾರ್ಪಾಲು ಕಟ್ಟಿ ಗಾರೆಯ ಕುಳ್ಳರನ್ನು ಮಾರಿದ:
ಕೆಂಪು ಟೋಪಿ, ಬಿಳಿ ಗಡ್ಡ, ಕೈಯಲ್ಲೊಂದು ಲಾಂದ್ರ,
ಜರ್ಮನರು ಹುಲ್ಲುಹಾಸಿಗೆಂದು ಕಾರಲ್ಲಿ ಒಯ್ಯುವ ಕುಳ್ಳರು.
ಹಿಮ ಬಿದ್ದ ಬೆಳಗು ಮೊದಲು ಅವರ ಟೋಪಿ ಒರೆಸುತ್ತಿದ್ದ,
ಆಮೇಲೆ ನನ್ನದು.

ಜ್ದೆಂಕಾ ಅಜ್ಜಿಯೂ ಇದ್ದಳು. ರಕ್ತದ ಅಜ್ಜಿಯಲ್ಲ,
ತಿಂಗಳಿಗಿಷ್ಟೆಂದು ಎಣಿಸಿಕೊಂಡು ನನ್ನನ್ನು ಸಾಕಿದ ಚೆಕ್ ಮುದುಕಿ.
ಹ್ವೆ ಎನ್ನಲು ನಾಲಿಗೆ ಹೊರಳದೆ ಹೆಲೆನಾ ಎಂದಳು.
ಹ್ವೆ ಅಂದರೆ ಸುಗಂಧರಾಜ, ನಮ್ಮಲ್ಲಿ ತೀರಿಕೊಂಡವರ ಪಟದ ಮುಂದೆ ಇಡುವ ಹೂವು.
ಹೆಲೆನಾ ಅಂದರೆ ಏನೋ, ಅವಳೂ ಹೇಳಲಿಲ್ಲ.
ಪರದೇಶಿಗಳೆಲ್ಲ ಎಡವುವ ಆ ಉರುಟು ಅಕ್ಷರವನ್ನು
ಬಟಾಣಿ ಸುಲಿಯುತ್ತ ಸುಲಿಯುತ್ತ ನನ್ನ ಬಾಯಿಗೆ ಹಾಕಿದಳು.

ಅಮ್ಮನೆದುರು ನನಗೆ ‘ನಾನು’ ಎಂಬ ಪದವೇ ಇಲ್ಲ.
ಮಗು ಉಂಡಿತು. ಮಗುವಿಗೆ ತಡವಾಯಿತು.
ತಮ್ಮನೊಡನೆ ಅಕ್ಕ, ಮಾವನೊಡನೆ ಸೊಸೆ.
ಯಾರ ಎದುರೂ ನಿಂತಿರದ ‘ನಾನು’ ಸಿಕ್ಕಿದ್ದು ಚೆಕ್ಕಿನಲ್ಲಿ,
ಜಾತ್ರೆಯಲ್ಲಿ ಬಿದ್ದ ಕಾಸಿನಂತೆ;
ಯಾರದೆಂದು ಕೇಳದೆ ಮುಷ್ಟಿ ಮುಚ್ಚಿ ಬಂದುಬಿಟ್ಟೆ.
ಇಡೀ ಪುಸ್ತಕ ಅದರ ಖರ್ಚು.

ಓಸ್ತ್ರಾವಾದಿಂದ ಚಿಕ್ಕಮ್ಮ ಫೋನಿನಲ್ಲಿ:
ಅಪ್ಪ ಅತ್ತದ್ದನ್ನು ಊರಿಗೆಲ್ಲ ಮಾರಿದೆಯಂತೆ. ಎಷ್ಟಕ್ಕೆ?
ಗ್ರಂಥಾಲಯದ ಓದಿನ ಸಂಜೆ ಒಬ್ಬಾಕೆ, ಬಹಳ ಮೃದುವಾಗಿ:
ಮನೆಗೆ ಯಾವಾಗ ಹೋಗುತ್ತೀರಿ?
ಏಳೂ ನಲವತ್ತರ ಬಸ್ಸಿಗೆ, ಎಂದೆ.
ಸಭೆ ನಕ್ಕಿತು. ನಾನು ತಮಾಷೆ ಮಾಡಿರಲಿಲ್ಲ.

ಎಂಬತ್ತೇಳನೆಯ ಪುಟದಲ್ಲಿ ಅಮ್ಮ ನಿಂತಳು.
ಬೆರಳು ಒತ್ತಿ ಹಿಡಿದಳು.
ಕುಳ್ಳನಿಗೆ ತೊಂಬತ್ತು ಅಂತ ಬರೆದಿದ್ದೀ.
ನೂರ ಇಪ್ಪತ್ತು. ತೊಂಬತ್ತು ಮೂಗು ಮುಕ್ಕಾದವರಿಗೆ.
ನೆನಪಿಂದ ಬರೆದದ್ದಮ್ಮ, ಮಗುವಿಗೆ ಆಗ ಆರು ವರ್ಷ.
ಯಾವ ದಿನದ್ದು ಇದು?
ಅಪ್ಪ ಟಾರ್ಪಾಲಿನ ಹಿಂದೆ ಕೂತು ಅತ್ತ ದಿನದ್ದು.

ಅವಳು ಗೋಡೆ ನೋಡಿದಳು. ಕಪಾಟು ನೋಡಿದಳು.
ಹೌದು. ಅವತ್ತು ತೊಂಬತ್ತಕ್ಕೇ ಹೋಯಿತು.
ಮೂಗು ನೆಟ್ಟಗಿತ್ತು. ಆ ಮನುಷ್ಯ ಹಿಡಿದ ಹಟ ಬಿಡಲಿಲ್ಲ,
ನಿನ್ನಪ್ಪನಿಗೆ ವಾದಿಸಲು ಮಾತು ಸಾಲಲಿಲ್ಲ.
ಯಾಕೆ ಅತ್ತ ಅಂತ ಬರೆದಿದ್ದೀ?

ದೇಶದ ನೆನಪಾಗಿ, ಎಂದೆ.

ದೇಶವೆ?
ಮೂವತ್ತು ಕ್ರೌನಿಗೆ ಅತ್ತ ಕಣೆ.

ಮತ್ತೆ ಗಲ್ಲಾಪೆಟ್ಟಿಗೆಯ ಪೆನ್ನು ತಂದು ಅಂಚಿನಲ್ಲಿ
ನೂರ ಇಪ್ಪತ್ತು, ಅದರಡಿ ತೊಂಬತ್ತು, ಅಡಿಗೆರೆ, ಮೂವತ್ತು.
ಕೆಳಗೆ ಎರಡು ಗೆರೆ, ಲೆಕ್ಕ ಮುಗಿದಾಗ ಎಳೆಯುವ ಹಾಗೆ.

ನಿನ್ನೆ ಸಂಪಾದಕಿ ಕೇಳಿದಳು,
ಎರಡನೆಯ ಮುದ್ರಣ, ತಿದ್ದುವುದು ಏನಾದರೂ ಇದೆಯೆ?
ಇನ್ನೂ ಉತ್ತರ ಬರೆದಿಲ್ಲ.
ದೇಶ ನೆನೆದು ಅತ್ತನೆಂಬ ಸಾಲು
ಎಲ್ಲರೂ ಮೆಚ್ಚಿದ ಸಾಲು.